ಪೇಪರ್ ಪ್ರಿಂಟಾಗಿ ಹೋಗ್ಯಾದ

ಚಪ್ಪಲಿ ಹೊರಗೇ ಬಿಡಿ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಬನ್ನಿ. ಔರಾದ ಬಸ್ ನಿಲ್ದಾಣದಿಂದ ಎರಡು ಗಲ್ಲಿ ಒಳಗೆ, ಗೊಬ್ಬರದ ಅಂಗಡಿಯ ಮೇಲಿನ ಖೋಲಿ ಇದು. ಕೆಳಗಿನಿಂದ ಯೂರಿಯಾ ಚೀಲಗಳ ಘಾಟು ಏರಿ ಬರುತ್ತದೆ, ಒಳಗೆ ಸೊಳ್ಳೆಬತ್ತಿಯ ಹೊಗೆ ತುಂಬಿದೆ. ಎರಡರ ನಡುವೆ ನಿಮ್ಮ ಮೂಗು.

2024ರ ಡಿಸೆಂಬರ್ 26, ಗುರುವಾರ. ರಾತ್ರಿ ಹತ್ತಾಗುತ್ತ ಬಂದಿದೆ. ಭಾನುವಾರ ಕೆಎಎಸ್ ಪೂರ್ವಭಾವಿ ಪರೀಕ್ಷೆ. ಚಾಪೆಯ ಮೇಲೆ ಮೂವರಿದ್ದೀರಿ: ನೀವು, ಭಾಲ್ಕಿಯವ, ಕಮಲನಗರದವ. ಈ ಖೋಲಿಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರೇ ಹೆಸರು. ರಗ್ಗು ಹೊದ್ದಿದ್ದರೂ ಗೋಡೆಯ ತಂಪು ಬೆನ್ನು ಕೊರೆಯುತ್ತದೆ. ಬೀದರ್ ಎಂದರೆ ಬಿಸಿಲು ಎಂದಷ್ಟೇ ತಿಳಿದ ಬೆಂಗಳೂರಿನವರನ್ನು ಒಂದು ರಾತ್ರಿ ಇಲ್ಲಿ ಮಲಗಿಸಬೇಕು.

ನಿಮ್ಮ ಮುಂದೆ ಎರಡು ಗುಡ್ಡೆಗಳಿವೆ. ಒಂದು, ಇನ್ನೊಮ್ಮೆ ನೋಡಲೇಬೇಕಾದದ್ದು. ಎಡಗಡೆಯದು, ಬಿಟ್ಟುಬಿಡುವುದು. ಪತ್ರಿಕೆಯ ಕತ್ತರಿಕೆ, ಮಾಸಪತ್ರಿಕೆಯ ಹಾಳೆ, ಟೆಲಿಗ್ರಾಂನಿಂದ ಇಳಿಸಿ ಝೆರಾಕ್ಸ್ ಮಾಡಿಸಿದ ಪಿಡಿಎಫ್, ಎಲ್ಲವೂ ಇವೆರಡರಲ್ಲಿ ಒಂದಕ್ಕೆ ಸೇರಬೇಕು. ಓದುವುದು ಕಷ್ಟವಲ್ಲ. ಒಂದು ಹಾಳೆಯನ್ನು ಎಡಕ್ಕೆ ಸರಿಸುವಾಗ ಬೆರಳು ತಡೆಯುತ್ತದೆ ನೋಡಿ, ಕಷ್ಟ ಇರುವುದು ಅಲ್ಲಿ. ಬಿಟ್ಟದ್ದೇ ಬಂದರೆ?

ಈ ಪರೀಕ್ಷೆ ಆಗಸ್ಟ್ 27ರಂದೇ ಒಮ್ಮೆ ನಡೆದಿದೆ. 384 ಹುದ್ದೆಗಳು. ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿತ್ತೆಂದು ರಾಜ್ಯದ ತುಂಬ ಗದ್ದಲವಾಗಿ, ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆ ಘೋಷಿಸಿದರು. ಹೀಗಾಗಿ ಆಗಸ್ಟಿಗೆಂದು ಕಟ್ಟಿಟ್ಟ ಗಂಟು ಬಿಚ್ಚಿ, ಅದರಲ್ಲೇ ನಾಲ್ಕು ತಿಂಗಳ ಹೊಸ ಸುದ್ದಿಯನ್ನೂ ತುರುಕಿದ್ದೀರಿ. ಎರಡು ಪತ್ರಿಕೆಗಳ 200 ಪ್ರಶ್ನೆಗಳಲ್ಲಿ 80 ಪ್ರಚಲಿತ ವಿದ್ಯಮಾನದ್ದೇ: ಬೆಳಿಗ್ಗೆ ದೇಶ-ವಿದೇಶದ 40, ಮಧ್ಯಾಹ್ನ ರಾಜ್ಯದ 40. ಪ್ರಶ್ನೆಗೆ ಎರಡು ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ.

ಭಾಲ್ಕಿಯವ ಕೇಳಲು ಶುರುಮಾಡುತ್ತಾನೆ. ಯುಪಿಎಸ್‌ಸಿಯನ್ನೂ ಬರೆಯುತ್ತಿರುವವ ಅವನು. ಅಲ್ಲಿ ಪ್ರಿಲಿಮ್ಸ್ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ, ತಪ್ಪಿಗೆ ಕಡಿತ ಮೂರನೇ ಒಂದು ಭಾಗ. ಹಾಗಾಗಿ ಅವನ ಪ್ರಶ್ನೆಗಳಲ್ಲಿ ದಯೆ ಇರುವುದಿಲ್ಲ.

“ಗುಕೇಶ್?”

“ಡಿಸೆಂಬರ್ 12. ಸಿಂಗಾಪುರ. ಸೋತವ ಡಿಂಗ್ ಲಿರೆನ್.”

“ಒಂದು ದೇಶ, ಒಂದು ಚುನಾವಣೆ?”

“129ನೇ ತಿದ್ದುಪಡಿ ಮಸೂದೆ. 17ಕ್ಕ ಲೋಕಸಭಾದಾಗ.”

“ಮಂಡ್ಯ?”

“87ನೇ ಸಮ್ಮೇಳನ. ಗೊ.ರು. ಚನ್ನಬಸಪ್ಪ.”

“ಅಕಾಡೆಮಿ, ಕನ್ನಡಕ್ಕ?”

“ಕೆ.ವಿ. ನಾರಾಯಣ. ನುಡಿಗಳ ಅಳಿವು.”

ಉತ್ತರ ನಾಲಿಗೆಯ ತುದಿಯಿಂದಲೇ ಜಾರುತ್ತಿದೆ, ತಲೆಯವರೆಗೆ ಹೋಗಿ ಬರುತ್ತಿಲ್ಲ. ಇದೇ ಬೇಕಾದದ್ದು. ಇದೇ ಅಪಾಯ ಕೂಡ.

“ಹೊಸಾ ಶಾಸ್ತ್ರೀಯ ಭಾಷಾ ಐದು. ಹೇಳು.”

“ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ...”

ಐದನೆಯದು ಇಲ್ಲ. ಅಕ್ಟೋಬರ್ 3ರ ಸುದ್ದಿಯ ಕತ್ತರಿಕೆ ಕಣ್ಣಿಗೆ ಕಟ್ಟುತ್ತದೆ, ಪುಟದ ಎಡಮೂಲೆ, ಅದರ ಮೇಲಿನ ಚಹಾ ಕಲೆ ಕೂಡ ಕಾಣುತ್ತದೆ. ಹೆಸರು ಮಾತ್ರ ಕಾಣದು. ಗಂಟಲು ಒಣಗುತ್ತದೆ. ಕಿವಿಯ ಹಿಂದೆ ಬಿಸಿ. ನಿನ್ನೆ ಬಂದಿತ್ತು, ಮೊನ್ನೆಯೂ ಬಂದಿತ್ತು.

“ಪ್ರಾಕೃತ,” ಎನ್ನುತ್ತಾನೆ ಕಮಲನಗರದವ, ರಗ್ಗಿನ ಒಳಗಿನಿಂದಲೇ. “ನಮ್ಮ ಮನ್ಯಾಗ ಮಾತಾಡೂದು ಮರಾಠಿ. ನಿಂಗ ಮೊದಲ್ ಅದೇ ಬಂತು ನೋಡು.”

ಬರಲೇಬೇಕಲ್ಲ. ನಿಮ್ಮ ಸೋದರತ್ತೆಯನ್ನು ಕೊಟ್ಟಿರುವುದು ಉದಗೀರಿಗೆ. 1956ರ ನವೆಂಬರ್ 1ರವರೆಗೆ ಅದೂ ಬೀದರ್ ಜಿಲ್ಲೆಯೇ. ಆಮೇಲೆ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು, ಔರಾದ ಮೈಸೂರಿಗೆ ಬಂತು. ಮಹಾಜನ ವರದಿ 1967, ಸುಪ್ರೀಂ ಕೋರ್ಟಿನಲ್ಲಿ ಮಹಾರಾಷ್ಟ್ರದ ದಾವೆ 2004, ಸಂವಿಧಾನದ 131ನೇ ವಿಧಿ. ಅತ್ತೆಯ ಮನೆಗೆ ಹೋಗುವ ಬಸ್ಸಿನ ವೇಳೆ ನಿಮಗೆ ಹುಟ್ಟಿದಾಗಿನಿಂದ ಗೊತ್ತು, ವಿಧಿಯ ಸಂಖ್ಯೆಯನ್ನು ಉರು ಹೊಡೆಯಬೇಕು. ರಾಜಧಾನಿಯ ಕೋಚಿಂಗ್ ಪುಸ್ತಕದಲ್ಲಿ ಗಡಿ ವಿವಾದ ಒಂದೂವರೆ ಪುಟ. ಇಲ್ಲಿ ಅದು ಮದುವೆ ಪತ್ರಿಕೆಯಲ್ಲಿ, ಸಂತೆಯ ಚೌಕಾಸಿಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಇದೆ. ಪರೀಕ್ಷೆ ಕೇಳುವುದು ಮಾತ್ರ ಆ ಒಂದೂವರೆ ಪುಟದಿಂದ.

ಹತ್ತೂವರೆ ದಾಟಿರಬೇಕು. ನೆಲದ ಮೇಲಿನ ಫೋನು ಒಮ್ಮೆ ನಡುಗುತ್ತದೆ. ಮತ್ತೊಮ್ಮೆ. ಆಮೇಲೆ ಮೂರೂ ಫೋನುಗಳು ಒಟ್ಟಿಗೆ.

ಮನಮೋಹನ್ ಸಿಂಗ್ ಇನ್ನಿಲ್ಲ. ದೆಹಲಿಯ ಏಮ್ಸ್. ರಾತ್ರಿ 9.51. ವಯಸ್ಸು 92.

ಯಾರೂ ಮಾತಾಡುವುದಿಲ್ಲ. ಹೊರಗೆ ನಾಯಿಯೊಂದು ಬೊಗಳಿ ಸುಮ್ಮನಾಗುತ್ತದೆ. ನೀವು ಐದನೇ ಇಯತ್ತೆಯಲ್ಲೋ ಆರರಲ್ಲೋ ಇದ್ದಾಗ ಪ್ರಧಾನಿ ಯಾರು ಎಂಬ ಪ್ರಶ್ನೆಗೆ ಕೈಯೆತ್ತಿ ಹೇಳುತ್ತಿದ್ದ ಹೆಸರು ಅದು. ದುಃಖ ಬರುವ ಮೊದಲೇ ಕೈ ಪೆನ್ನಿಗೆ ಹೋಗಿದೆ, ನೋಡಿಕೊಳ್ಳಿ. ಹುಟ್ಟಿದ್ದು 1932, ಗಾಹ್. ರಿಸರ್ವ್ ಬ್ಯಾಂಕ್ ಗವರ್ನರ್ 1982ರಿಂದ 85. ಬಜೆಟ್ 1991ರ ಜುಲೈ 24. ಮಾಹಿತಿ ಹಕ್ಕು 2005, ಉದ್ಯೋಗ ಖಾತ್ರಿ 2005. ಸುದ್ದಿ ಕೇಳಿ ನಿಮಿಷವೂ ಆಗಿಲ್ಲ, ಒಬ್ಬ ಮನುಷ್ಯ ನಿಮ್ಮ ನೋಟ್ಸಿನಲ್ಲಿ ಆರು ಸಾಲಾಗಿದ್ದಾನೆ. ಕೈ ತಡೆದು ನಿಲ್ಲುತ್ತದೆ. ಅಸಹ್ಯವೆನಿಸುತ್ತದೆ, ಆದರೂ ಪೆನ್ನು ಕೆಳಗಿಡುವುದಿಲ್ಲ.

“ಬರಿಬ್ಯಾಡ ಬಿಡು,” ಕಮಲನಗರದವ ಎದ್ದು ಕೂರುತ್ತಾನೆ. “ಇದು ಐತಾರ ಬರಂಗಿಲ್ಲ. ಪೇಪರ್ ಪ್ರಿಂಟಾಗಿ ಹೋಗ್ಯಾದ.”

ಅವನು ಹೇಳುವುದು ಖರೆ. ನಾಳೆ ಬೆಳಗಾವಿಯಲ್ಲಿ ನಡೆಯಬೇಕಿದ್ದ ಕಾಂಗ್ರೆಸ್ ಸಮಾವೇಶ ರದ್ದಾಗುತ್ತದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನದ ಶತಮಾನೋತ್ಸವವೆಂದು ನೀವು ವಾರದಿಂದ ತಿರುಗಿಸುತ್ತಿರುವ ವಿಷಯವದು. ಏಳು ದಿನ ಶೋಕಾಚರಣೆ, ನಾಳೆ ರಜೆ. ಪರೀಕ್ಷೆ ಮಾತ್ರ ಭಾನುವಾರವೇ. ಈಗ ಈ ಸುದ್ದಿ ಓದುತ್ತ ಕುಳಿತರೆ ಒಂದು ಗಂಟೆ ಹೋಗುತ್ತದೆ. ಆ ಗಂಟೆಯಲ್ಲಿ ರಾಜ್ಯದ ಯೋಜನೆಗಳ ಹಾಳೆಗಳು ಮುಗಿಯುತ್ತವೆ. ಯಾವುದು?

ಆಗ ಭಾಲ್ಕಿಯವ ಮೆಲ್ಲಗೆ ಕೇಳುತ್ತಾನೆ: “371 ಜೆ ಯಾರ ಟೈಮಿನಾಗ ಆತು?”

ಮೂವರೂ ಗೋಡೆಯ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಫೈಲಿನ ಕಡೆ ನೋಡುತ್ತೀರಿ. ಅದರೊಳಗೆ ಸಂವಿಧಾನದ 371 ಜೆ ವಿಧಿಯಡಿ ಪಡೆದ ನಿಮ್ಮ ಅರ್ಹತಾ ಪ್ರಮಾಣಪತ್ರ, ಸಹಾಯಕ ಆಯುಕ್ತರ ಸಹಿ, ನೀಲಿ ಮೊಹರು. ಕಲ್ಯಾಣ ಕರ್ನಾಟಕದವನೆಂಬುದಕ್ಕೆ ಇರುವ ಒಂದೇ ಕಾಗದ. ಸ್ಥಳೀಯ ವೃಂದದಲ್ಲಿ ಬಹುಪಾಲು ಹುದ್ದೆ, ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8, ಎಲ್ಲ ಅದರ ಮೇಲೇ ನಿಂತಿದೆ.

“ಅವರದೇ ಸರಕಾರ,” ಎನ್ನುತ್ತೀರಿ. “98ನೇ ತಿದ್ದುಪಡಿ. 2012.”

“2013.”

“ಸಂಸತ್ತಿನಾಗ 2012ರ ಡಿಸೆಂಬರ್.”

“ರಾಷ್ಟ್ರಪತಿ ಅಂಕಿತ 2013ರ ಜನೆವರಿ 1. ಆಪ್ಷನ್‌ದಾಗ ಎರಡೂ ಕೊಟ್ಟ್ರ ಯಾವುದು ಹಾಕ್ತಿ?”

ದನಿ ಏರುತ್ತದೆ. ಕಾಯ್ದೆಯ ಹೆಸರಿನಲ್ಲಿ 2012 ಇದೆ. ಆದರೆ ಪ್ರಶ್ನೆ ಹೆಸರನ್ನು ಕೇಳದೆ ಜಾರಿಯನ್ನು ಕೇಳಿದರೆ? ಎದೆ ಹೊಡೆದುಕೊಳ್ಳುತ್ತದೆ. ಇಂಥದೊಂದು ಪ್ರಶ್ನೆಗೆ ಅರ್ಧ ಅಂಕ ಹೋದರೆ, ಕಟ್ ಆಫ್‌ನಲ್ಲಿ ಆ ಅರ್ಧ ಅಂಕಕ್ಕೆ ಸೋತರೆ, ಅದೂ ತನ್ನದೇ ಕಲಮಿನ ಮೇಲೆ! ಭಾಲ್ಕಿಯವ ಸಂವಿಧಾನದ ಪುಸ್ತಕ ತಡಕಾಡುತ್ತಾನೆ, ಹಾಳೆಗಳು ಚೆಲ್ಲಾಡುತ್ತವೆ, ಎರಡು ಗುಡ್ಡೆಗಳೂ ಒಂದಾಗುತ್ತವೆ. ಮತ್ತೆ ಬೇರ್ಪಡಿಸುವಷ್ಟು ತ್ರಾಣ ಯಾರಿಗೂ ಇಲ್ಲ.

ಶನಿವಾರ ಅವ್ವನ ಫೋನು. ಹಿಂದೆ ಸಜ್ಜೆ ರೊಟ್ಟಿ ತಟ್ಟುವ ಸದ್ದು. ಸೋಮವಾರ ಎಳ್ಳ ಅಮಾಸಿ, ಹೊಲದಲ್ಲಿ ಚರಗ. “ಪರೀಕ್ಷಾ ಮುಗಿಸಿ ರಾತ್ರಿಗೇ ಊರಿಗಿ ಬಂದ್ಬಿಡಪ್ಪ. ಭಜ್ಜಿಗಿ ಕಾಯಿಪಲ್ಯ ತಂದೀನಿ.” ಉತ್ತರ ಹೇಗೆ ಬರೆಯುತ್ತಿ ಎಂದು ಅವಳು ಕೇಳುವುದಿಲ್ಲ. ನಿಮಗೆ ಅದೇ ಭಾರ.

ಭಾನುವಾರ, ಹತ್ತು ಗಂಟೆ. ಪ್ರವೇಶಪತ್ರದಲ್ಲಿ ಬರೆದ ಊರು, ಬರೆದ ಕೊಠಡಿ, ಚಳಿಗೆ ಸೆಟೆದ ಬೆರಳು. ಬೆಲ್. ಪುಟ ತಿರುಗಿಸುವ ಸದ್ದು ಕೊಠಡಿಯ ತುಂಬ. ನೀವು ಪ್ರಶ್ನೆಯನ್ನು ಕನ್ನಡದಲ್ಲಿ ಓದುತ್ತೀರಿ, ಕಣ್ಣು ತಾನಾಗಿ ಇಂಗ್ಲಿಷಿಗೆ ಹಾರುತ್ತದೆ, ಮತ್ತೆ ಕನ್ನಡಕ್ಕೆ. ಆಗಸ್ಟ್ ಕಲಿಸಿದ ಚಾಳಿ. ಎರಡು ತಾಸಿನಲ್ಲಿ ನೂರು ಪ್ರಶ್ನೆ ಎಂದು ಲೋಕಸೇವಾ ಆಯೋಗ ಲೆಕ್ಕ ಹಾಕಿದೆ, ನೀವು ಓದುತ್ತಿರುವುದು ಇನ್ನೂರು. ನಾಲ್ಕು ಹೇಳಿಕೆ, ಇವುಗಳಲ್ಲಿ ಸರಿಯಾದವು ಯಾವುವು. ಎರಡು ಗೊತ್ತು. ಒಂದು ತಪ್ಪೆಂದು ಗೊತ್ತು. ನಾಲ್ಕನೆಯದು? ಎಡಗುಡ್ಡೆಗೆ ಸರಿಸಿದ ಹಾಳೆಯದೇ ಇರಬಹುದು. ಬಿಡಲೇ? ಹಾಕಲೇ? ಹತ್ತು ನಿಮಿಷ ಎನ್ನುತ್ತಾರೆ ಮೇಲ್ವಿಚಾರಕರು. ಪೆನ್ನಿನ ತುದಿ ವೃತ್ತದ ಮೇಲೆ. ಹೊಟ್ಟೆಯೊಳಗೆ ಏನೋ ಜಗ್ಗುತ್ತದೆ. ಐದು ನಿಮಿಷ. ತುಂಬುತ್ತೀರಿ, ಕಪ್ಪಗೆ, ಅಂಚು ಮೀರದಂತೆ. ಇನ್ನು ಅಳಿಸಲಾಗದು.

ಸಂಜೆ ನಾಲ್ಕಕ್ಕೆ ಹೊರಬಂದರೆ ಗೇಟಿನ ಬಳಿ ಗುಂಪುಗುಂಪು, ಫೋನುಗಳಲ್ಲಿ ಪ್ರಶ್ನೆಪತ್ರಿಕೆಯ ಫೋಟೊ. ಕನ್ನಡದಲ್ಲಿ ಮತ್ತೆ ತಪ್ಪು ಎಂಬ ಮಾತು ಆಗಲೇ ಎದ್ದಿದೆ. ಒಬ್ಬ ಬೈಯುತ್ತಿದ್ದಾನೆ, ಒಬ್ಬ ನಗುತ್ತಿದ್ದಾನೆ, ಒಬ್ಬ ಕಲ್ಲಿನ ಮೇಲೆ ಕುಳಿತು ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಾನೆ. ನಿಮಗೆ ಹಸಿವು. ಮಿರ್ಚಿಭಜಿ ಬಾಯಿ ಸುಡುತ್ತದೆ, ಎರಡು ದಿನದಲ್ಲಿ ಮೊದಲ ಬಾರಿಗೆ ನಾಲಿಗೆಗೆ ರುಚಿ ತಿಳಿಯುತ್ತದೆ.

ಬಸ್ಸಿನಲ್ಲಿ ಸೀಟು ಸಿಕ್ಕಿಲ್ಲ. ಮೇಲಿನ ಕಂಬಿ ಹಿಡಿದು ಮೂವರೂ ನಿಂತಿದ್ದೀರಿ, ಕಂಡಕ್ಟರ್ ನುಗ್ಗಿಕೊಂಡು ಬರುತ್ತಿದ್ದಾನೆ.

“ಮನಮೋಹನ್ ಸಿಂಗರ ಹಾಳಿ ಒಗದಿಯೇನು?” ಕಮಲನಗರದವನ ಪ್ರಶ್ನೆ.

“ಇಲ್ಲ. ಇಟ್ಟೀನಿ.”

“ಛಲೋ ಮಾಡ್ದಿ. ಮೇನ್ಸಿಗಿ ಬರ್ತದ.”

“ಯಾವುದಕ್ಕ? ಪ್ರಬಂಧಕ್ಕೋ, ಅರ್ಥಶಾಸ್ತ್ರಕ್ಕೋ?”

“ಎರಡಕ್ಕೂ,” ಎನ್ನುತ್ತಾನೆ ಭಾಲ್ಕಿಯವ. “371 ಜೆನೂ ಅದರ ಕೆಳಗೇ ಬರ್ಕೋ. ಎರಡೂ ಇಸವಿ ಹಾಕು.”