ಪಾವಗಡದ ಹಲ್ಲು

ನಮ್ಮ ಪಾವಗಡದ ಕಡೆಯವರನ್ನು ಹಲ್ಲು ನೋಡಿಯೇ ಗುರುತು ಹಿಡಿಯಬಹುದಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಸರ್ಕಾರದ ಲೆಕ್ಕ. ನಮ್ಮ ಬೋರ್‌ವೆಲ್‌ಗಳಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗಲೇ, ಎಂಟು ವರ್ಷದೊಳಗೆ, ಆಗಬೇಕಾದ ಕೇಡು ಆಗಿಹೋಗುತ್ತದೆ. ಊರಲ್ಲಿ ಅದೊಂದು ಐಬೇ ಅಲ್ಲ, ಎಲ್ಲರ ಬಾಯಲ್ಲೂ ಅದೇ ಕಂದು ಪಟ್ಟೆ. ಬೆಂಗಳೂರಿಗೆ ಬಂದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಲಿತೆ. "ಗುಟ್ಕಾ ಬಿಡಬಾರದೇನ್ರೀ?" ಅಂದವರಿಗೆಲ್ಲ ಅದು ನೀರಿನ ಕೆಲಸ ಎಂದು ಹೇಳಿ ಹೇಳಿ ಸಾಕಾಗಿತ್ತು.

ಮದುವೆ ಗೊತ್ತಾದಾಗ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಬಿಲ್ಲೆ, ಹಾಕಿಸಿಕೊಳ್ಳಲು ಹೊರಟೆ. ಡಾಕ್ಟರಮ್ಮ ಅವಸರ ಬೇಡ ಅಂದರು. ಮೊದಲು ಮೈಕ್ರೊಅಬ್ರೇಷನ್ ಮಾಡಿ ಮೇಲ್ಪದರದ ಕಲೆ ತೆಗೆಯೋಣ, ಆಮೇಲೆ ಬ್ಲೀಚಿಂಗ್, ಸಾಲದಿದ್ದರೆ ಮಾತ್ರ ವೆನೀರ್. ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? "ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ ಇದೆಯಾ?" ಎಂದು ಕೇಳಿದರು. ಇಲ್ಲ ಅಂದೆ. ಅಪ್ಪಟ ಸುಳ್ಳು. ಆ ಕಟಕಟ ತಾಳಲಾರದೆ ಹಾಸ್ಟೆಲ್ಲಿನಲ್ಲಿ ಗೆಳೆಯ ತನ್ನ ಮಂಚವನ್ನೇ ಸರಿಸಿಕೊಂಡಿದ್ದ. ಹೌದು ಅಂದರೆ ಇವರು ಕೆಲಸಕ್ಕೆ ಕೈ ಹಾಕಲಾರರು ಎಂಬುದು ನನ್ನ ಹೆದರಿಕೆ. ಹಟ ಮಾಡಿ ನೇರ ವೆನೀರೇ ಹಾಕಿಸಿಕೊಂಡೆ.

1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ಹಾಲಿವುಡ್ ನಟರಿಗೆ ಇಂಥ ಮುಖವಾಡದ ಹಲ್ಲು ಅಂಟಿಸುತ್ತಿದ್ದನಂತೆ. ಅವು ಶೂಟಿಂಗ್ ಮುಗಿದ ಮೇಲೆ ಕಿತ್ತಿಡುವಂಥವು. ನನ್ನವು ಹಾಗಲ್ಲ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಂಗಾಣಿ ಬಿಲ್ಲೆ ಕೂರಬೇಕಾದರೆ ಅಷ್ಟು ಎನಾಮಲ್ ತೇಯಬೇಕು, ತೇದದ್ದು ಮತ್ತೆ ಬೆಳೆಯುವುದಿಲ್ಲ. ಅಂಟು ಹಿಡಿಯಲು ಆಸಿಡ್ ಹಚ್ಚಿ ಹಲ್ಲನ್ನು ತರಿತರಿ ಮಾಡುತ್ತಾರೆ. ಫ್ಲೋರೈಡ್ ತಿಂದ ಎನಾಮಲ್ ಆ ಆಸಿಡ್ಡಿಗೂ ಸುಲಭಕ್ಕೆ ಬಗ್ಗದು.

ಬಣ್ಣವನ್ನೂ ನಾನೇ ಆರಿಸಿದೆ, ಇರುವುದರಲ್ಲೇ ಅತಿ ಬಿಳಿ. ಹಾಕಿಸಿದ್ದು ಮೇಲ್ಸಾಲಿಗಷ್ಟೇ, ಕೆಳಸಾಲು ಊರಿನದೇ. "ಯಾರ ಹಲ್ಲೋ ಇದು?" ಅಂದಳು ಅಮ್ಮ. ಒಮ್ಮೆ ಅಂಟಿಸಿದ ಪಿಂಗಾಣಿಗೆ ಬ್ಲೀಚಿಂಗೂ ನಾಟದು, ಬಣ್ಣ ಇಳಿಸುವ ದಾರಿಯೂ ಇಲ್ಲ.

ಮೊದಲು ಒಂದರ ತುದಿ ಚಕ್ಕೆ ಎದ್ದಿತು. ಆಮೇಲೆ ಇನ್ನೊಂದು ಇಡಿಯಾಗಿ ಕಳಚಿ ದಿಂಬಿನ ಮೇಲೆ ಸಿಕ್ಕಿತು. ಡಾಕ್ಟರಮ್ಮನಿಗೆ ಆಗ ನಿಜ ಹೇಳಿದೆ. ಅವರು ಬೈಯಲಿಲ್ಲ. ಅಳತೆ ತೆಗೆದುಕೊಂಡು, ಮಲಗುವಾಗ ಹಲ್ಲಿಗೆ ತೊಡುವ ನೈಟ್ ಗಾರ್ಡ್ ಮಾಡಿಸಿಕೊಟ್ಟರು. ಬೈದಿದ್ದರೆ ವಾಸಿಯಿತ್ತು. ತೇದ ಹಲ್ಲನ್ನು ಬರಿದೆ ಬಿಡುವಂತಿಲ್ಲವಾದ್ದರಿಂದ ಹೊಸ ಬಿಲ್ಲೆಗೆ ಮತ್ತೆ ದುಡ್ಡು ಕಟ್ಟಿದೆ. ಈ ಖರ್ಚು ಇನ್ನು ಜನ್ಮಕ್ಕಂಟಿದ್ದು.

ಈಚೆಗೆ ಅಕ್ಕನ ಮಗಳು ತನಗೂ ಮಾಮನಂಥ ಹಲ್ಲು ಬೇಕೆಂದು ಹಟ ಹಿಡಿದಳು. ಊರಲ್ಲೀಗ ಶುದ್ಧ ನೀರಿನ ಘಟಕ ಬಂದಿದೆ, ಆದರೂ ಅವಳ ಹಲ್ಲಲ್ಲಿ ತೆಳುವಾಗಿ ಕಂದು. ಅವಳನ್ನೂ ಅಕ್ಕನನ್ನೂ ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಹಲ್ಲು ಕಡಿಯುವ ಪ್ರಶ್ನೆ ಬಂದಾಗ, "ಅವಳನ್ನ ಕೇಳಬೇಡಿ ಮೇಡಂ, ಅವರಮ್ಮನ್ನ ಕೇಳಿ" ಅಂದೆ. ಮೈಕ್ರೊಅಬ್ರೇಷನ್ನಿಗೇ ಕಲೆ ಬಹುಪಾಲು ಹೋಯಿತು. ಹುಡುಗಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ, ಮಾಮನಷ್ಟು ಬಿಳುಪಾಗಲಿಲ್ಲವಂತೆ.