ನೆಲ ಹೊದ್ದ ಗುಲಾಬಿ

ಜರ್ಮನಿಯ ಜಾಂಗರ್‌ಹೌಜೆನ್ ಗುಲಾಬಿವನ 1903ರಲ್ಲಿ ತೆರೆದುದು. ಅಲ್ಲಿನ 8,000ಕ್ಕೂ ಮಿಕ್ಕ ಬಗೆಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು ಎತ್ತರದ ರಾಣಿಯರಲ್ಲ. ಮೊಣಕಾಲ ಮೇಲೇರದೆ ನೆಲವನ್ನೇ ಕಂಬಳಿಯಂತೆ ಹೊದ್ದ ಪುಟ್ಟ ಗುಲಾಬಿಗಳು. ಇಂಥ ಹಲವಕ್ಕೆ ಮೂಲ, ಜಪಾನಿನ ಕಡಲಂಚಿನಲ್ಲಿ ಹಬ್ಬುವ ವಿಚುರಾನಾ ಗುಲಾಬಿ.

ಹಿಂದೆ ನಮ್ಮ ಅಂಗಳದಲ್ಲೂ ಇಂಥದೊಂದಿತ್ತು. ಕೊನ್ನಾರಿಗಡ್ಡೆಯನ್ನು ತೆಗೆಯದೆ ನಾನೇ ಅವಸರದಿಂದ ನೆಟ್ಟಿದ್ದೆ. ಮುಳ್ಳಿನ ನಡುವೆ ಕಳೆ ಕೀಳುತ್ತ ತಾಯಿಯ ಮುಂಗೈ ವರ್ಷವೆಲ್ಲ ಗೀರುಮಯ! ಕಡೆಗೆ ಗಿಡವನ್ನೇ ಕಿತ್ತೆವು.

ಇದರ ಆರೈಕೆಯೆಲ್ಲ ನೆಡುವುದಕ್ಕೆ ಮೊದಲೇ: ಕಳೆಯನ್ನು ಬುಡಸಮೇತ ನೀಗಿ, ಗೊಬ್ಬರ ಬೆರೆಸಿ, 6 ಗಂಟೆಯಾದರೂ ಬಿಸಿಲು ಬೀಳುವೆಡೆ ಎರಡು ಮೂರಡಿ ಅಂತರದಲ್ಲಿ ನೆಟ್ಟು, ಒಣಗಿದೆಲೆ ಹೊದಿಸಬೇಕು. ಬಳಿಕ ವರ್ಷಕ್ಕೊಮ್ಮೆ ಕತ್ತರಿ ಸೋಕಿದರೆ ಸಾಕು.

ಅಂದಿರುಳೇ ತಾಯಿಗೆ ಕಾಗದ ಬರೆದೆ. ಉತ್ತರ ಬಂದಿತು: “ಮೊದಲು ಕಳೆ ಕೀಳು, ಆಮೇಲೆ ಸಸಿ ತಾ.”