ಹೊಳಲ್ಕೆರೆಯಿಂದ ಬಂದ ಕಾಗದ

1983ರಲ್ಲಿ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಬ್ಯಾಂಕ್ ಶಾಖೆಗೆ ನನಗೆ ವರ್ಗವಾಯಿತು. ಆಗ ಮಗಳಿಗೆ ಒಂದು ವರ್ಷ. ನಮ್ಮ ಬೀದಿಯ ಕೊನೆಯಲ್ಲಿ ಕೊಳವೆ ಬಾವಿಗೆ ಹಾಕಿದ ಕೈಪಂಪು ಇತ್ತು. ನೀರು ನೋಡಲು ಸ್ಫಟಿಕದಂತೆ. ಬರಗಾಲದ ಸೀಮೆಯಲ್ಲಿ ಮನೆ ಹತ್ತಿರವೇ ನೀರು ಸಿಕ್ಕಿತಲ್ಲ ಎಂದು ನಮಗೆಲ್ಲ ಸಂತೋಷ.

ಮಗಳ ಹಾಲುಹಲ್ಲು ಮಲ್ಲಿಗೆ ಮೊಗ್ಗಿನಂತಿದ್ದವು. ಅವು ಬಿದ್ದು 1989ರಲ್ಲಿ ಮುಂದಿನ ಹೊಸ ಹಲ್ಲು ಬಂದಾಗ ಮೇಲೆಲ್ಲ ಸುಣ್ಣದ ಗೀರು. ಕೆಲವು ತಿಂಗಳಲ್ಲಿ ಅದೇ ಜಾಗಕ್ಕೆ ಕಂದು ಬಣ್ಣ ಹತ್ತಿತು. ಬಂದವರೆಲ್ಲ ಕೇಳುವುದು ಒಂದೇ ಮಾತು: "ಏನೇ, ಹಲ್ಲುಜ್ಜೋದಿಲ್ವೇನೇ?" ನಮ್ಮಮ್ಮ ಇದ್ದಿಲು ಪುಡಿ ಹಾಕಿ ವಸಡು ಕೆಂಪಾಗುವವರೆಗೆ ತಿಕ್ಕಿದರು. ಕಲೆ ಹೋಗಲಿಲ್ಲ. ಮಗು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಳು. ಆಮೇಲೆ ನಗುವುದೇ ಕಡಿಮೆಯಾಯಿತು.

ನಮ್ಮ ತಂದೆಯವರ ಕಾಲದಿಂದ ಪರಿಚಯವಿದ್ದ ವೈದ್ಯರೊಬ್ಬರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಹೊಳಲ್ಕೆರೆಯಲ್ಲಿದ್ದರು. ಚಿತ್ರದುರ್ಗಕ್ಕೆ ಹೋಗಿ ಬಸ್ಸು ಬದಲಿಸಿ ಅಲ್ಲಿಗೆ ತಲುಪುವುದೆಂದರೆ ಒಂದು ದಿನದ ರಜೆ. ಅದಕ್ಕೇ ಕಾಗದ ಬರೆದೆ. ಐದನೇ ದಿನಕ್ಕೆ ನೀಲಿ ಇನ್‌ಲ್ಯಾಂಡ್ ಬಂತು. ಅದರಲ್ಲಿ ಔಷಧಿಯ ಹೆಸರೇ ಇಲ್ಲ, ಬರೀ ಪ್ರಶ್ನೆಗಳು! ಕುಡಿಯುವ ನೀರು ಎಲ್ಲಿಯದು? ಬಾವಿ ಎಷ್ಟು ಆಳ? ಬೀದಿಯ ಬೇರೆ ಮಕ್ಕಳ ಹಲ್ಲು ಹೇಗಿದೆ, ಅವರು ಯಾವ ನೀರು ಕುಡಿಯುತ್ತಾರೆ, ನೋಡಿ ಬರೆಯಿರಿ.

ಲೆಡ್ಜರ್ ಬರೆಯುವ ಕೈ ನನ್ನದು. ಪುಸ್ತಕದಲ್ಲಿ ಕಾಲಂ ಹಾಕಿಕೊಂಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಈ ಅನ್ನು" ಎಂದು ಹಲ್ಲು ನೋಡಿದೆ. ಮಕ್ಕಳಿಗೆ ಅದೊಂದು ಆಟವಾಯಿತು. ಕೈಪಂಪಿನ ನೀರು ಕುಡಿದು ಬೆಳೆದವರಲ್ಲಿ ಹೆಚ್ಚಿನವರಿಗೆ ಕಲೆ. ಊರಾಚೆ ತೋಟದ ಸೇದೋ ಬಾವಿಯ ನೀರು ಕುಡಿಯುವ ಎರಡು ಮನೆಯ ಮಕ್ಕಳಿಗೆ ಮಾತ್ರ ಹಲ್ಲು ಬೆಳ್ಳಗೆ. ಅವರಲ್ಲಿ ಒಬ್ಬ ವಾರಕ್ಕೆರಡು ದಿನವೂ ಹಲ್ಲುಜ್ಜುತ್ತಿರಲಿಲ್ಲ!

ಎರಡನೇ ಕಾಗದದಲ್ಲಿ ವಿವರ ಬಂತು. ಇದು ಫ್ಲೋರೋಸಿಸ್, ಹೊಸದುರ್ಗದ ಕಡೆ ಕೆಲಸದಲ್ಲಿದ್ದಾಗ ಇಂಥ ಹಲ್ಲು ಬಹಳ ನೋಡಿದ್ದೇನೆ ಎಂದಿದ್ದರು. ಆಳದ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದು ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ತೊಂದರೆ. ಹಲ್ಲು ವಸಡಿನೊಳಗೆ ಬೆಳೆಯುತ್ತಿರುವಾಗಲೇ ಕಲೆಯ ಬೀಜ ಬಿದ್ದಿರುತ್ತದೆ, ಹೊರಗೆ ಬಂದ ಮೇಲೆ ಎಷ್ಟು ತಿಕ್ಕಿದರೂ ಹೋಗದು. "ಮಗುವಿನದು ಏನೂ ತಪ್ಪಿಲ್ಲ. ಇದನ್ನು ಅವಳಿಗೇ ಓದಿ ಹೇಳಿ" ಎಂದು ಕೆಳಗೆ ಗೆರೆ ಎಳೆದಿದ್ದರು. ಓದಿ ಹೇಳಿದೆ. ಅವಳು ಕಾಗದ ಕಿತ್ತುಕೊಂಡು ಹೋಗಿ ಅಜ್ಜಿಗೂ ಓದಿ ಹೇಳಿದಳು.

ಮಗನಿಗೆ ಆಗ ಎರಡು ವರ್ಷ. ಅವನ ಹಲ್ಲು ಇನ್ನೂ ಒಳಗೇ ಬೆಳೆಯುತ್ತಿದೆ, ಇವತ್ತಿನಿಂದಲೇ ನೀರು ಬದಲಿಸಿ ಎಂದಿದ್ದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಪರೀಕ್ಷೆಗೆ ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸಿ. ದುರ್ಗದ ಕೋಟೆಯಲ್ಲಿ ಹೊಂಡ ಕಟ್ಟಿ ಮಳೆನೀರು ಕುಡಿದು ಬದುಕಿದ ಜನ ನಾವು, ತಾರಸಿಯ ನೀರು ಹಿಡಿಯಲು ನಾಚಿಕೆ ಯಾಕೆ ಎಂದೂ ಬರೆದಿದ್ದರು. ಪರೀಕ್ಷೆಯಲ್ಲಿ ಕೈಪಂಪಿನ ನೀರು ಮಿತಿ ದಾಟಿತ್ತು, ತೋಟದ ಬಾವಿಯದು ಇರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ನನ್ನ ಸವಾರಿ.

ಬಹಳ ವರ್ಷಗಳ ಮೇಲೆ ಓದಿ ತಿಳಿದ ಸಂಗತಿಯೊಂದಿದೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೆ ಅಲ್ಲಿಯವರ ಕಂದು ಹಲ್ಲು ನೋಡಿ ಬೆರಗಾದ. 1923ರಲ್ಲಿ ಓಕ್ಲಿ ಎಂಬ ಊರಿನ ತಂದೆತಾಯಂದಿರು, ಬಿಸಿನೀರ ಬುಗ್ಗೆಯಿಂದ ಕೊಳಾಯಿ ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತೆಂದು ಅವನಿಗೆ ಹೇಳಿದರು. ಆ ನೀರು ಬಿಡಿ ಎಂದ. ಬಿಟ್ಟರು. ಆಮೇಲೆ ಸಣ್ಣ ಮಕ್ಕಳಿಗೆ ಬಿಳಿ ಹಲ್ಲೇ ಬಂದವು. ಕಾರಣ ಫ್ಲೋರೈಡ್ ಎಂದು ಗೊತ್ತಾಗಿದ್ದು 1931ರಲ್ಲಿ! ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲ ವರದಿ ಬಂತು. ವರ್ಷಾನುಗಟ್ಟಲೆ ಇಂಥ ನೀರು ಕುಡಿದರೆ ಹಲ್ಲಷ್ಟೇ ಅಲ್ಲ, ಮೂಳೆಯೂ ಕೆಟ್ಟು ಬೆನ್ನು ಬಾಗುತ್ತದೆ. ಅಜ್ಜ ಅಜ್ಜಿಯರು ಕೀಲುನೋವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವ ಮೊದಲು ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಈಗ ಎಷ್ಟೋ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಅವು ಕೆಟ್ಟು ನಿಂತರೆ ಕೇಳುವವರು ಬೇಕು, ಅಷ್ಟೆ.

ಡಾಕ್ಟರಿಗೆ 50 ರೂಪಾಯಿ ಮನಿಯಾರ್ಡರ್ ಮಾಡಿದ್ದೆ. ವಾಪಸ್ ಬಂತು. ಹಿಂದೆಯೇ ಒಂದು ಕಾರ್ಡು: "ಮಗನಿಗೆ ಹಲ್ಲು ಬಂದ ಮೇಲೆ ಬರೆಯಿರಿ, ಅದೇ ಫೀಸು." 1994ರಲ್ಲಿ ಬರೆದೆ, ಮೇಲೆ ಎರಡು, ಕೆಳಗೆ ನಾಲ್ಕು, ಎಲ್ಲವೂ ಬಿಳಿ ಎಂದು. ವಂದನೆ ಹೇಳಲು ಎಷ್ಟು ಪದ ಹುಡುಕಿದರೂ ಸಾಲದೆ ಕಾರ್ಡು ತುಂಬಿಬಿಟ್ಟಿತು. ಅವರ ಉತ್ತರದಲ್ಲಿ ಮಗನ ಹಲ್ಲಿನ ಬಗ್ಗೆ ಒಂದೇ ಸಾಲು, "ಫೀಸು ಮುಟ್ಟಿತು" ಎಂದು. ಅದರ ಕೆಳಗೆ, "ಮಗಳು ಈಗ ನಗುತ್ತಾಳೆಯೇ?"

ಅದಕ್ಕೆ ಉತ್ತರ ನಾನು ಬರೆಯುತ್ತೇನೆ ಎಂದು ಮಗಳು ಇನ್‌ಲ್ಯಾಂಡ್ ತರಿಸಿಕೊಂಡಳು. ಬರೆದು, ಗೋಂದು ಹಚ್ಚಿ ಅಂಟಿಸಿಯೇ ನನ್ನ ಕೈಗೆ ಕೊಟ್ಟಳು. ನಾನು ಅಂಚೆ ಡಬ್ಬಿಗೆ ಹಾಕಿ ಬಂದೆ.